ಪಿಯು ಫಿಸಿಕ್ಸ್ ಪ್ರಾಕ್ಟಿಕಲ್: ಮುಳ್ಳು ಒಂದೇ ಕಡೆ ಓಡಿದರೆ ಏನು ಮಾಡಬೇಕು?

ಜನವರಿ ಬಂತೆಂದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ದ್ವಿತೀಯ ಪಿಯು ಮಕ್ಕಳ ಪ್ರಶ್ನೆಗಳು ಶುರುವಾಗುತ್ತವೆ. ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಅವೇ. ‘ಸರ್, ಉತ್ತರ ಕರೆಕ್ಟ್ ಬರದಿದ್ರ ಫೇಲ್ ಏನ್ರಿ?’ ‘ಮುಳ್ಳು ಒಂದೇ ಕಡೆ ಹೊಡೀತೈತ್ರಿ, ಏನ್ ಮಾಡ್ಲಿ?’ ‘ವೈವಾದಾಗ ಏನ್ ಕೇಳ್ತಾರ್ರಿ?’ ಮುಳ್ಳು ಎಂದರೆ ಗ್ಯಾಲ್ವನೋಮೀಟರ್‌ನ, ಅಂದರೆ ಸಣ್ಣ ಕರೆಂಟನ್ನೂ ತೋರಿಸುವ ಮೀಟರಿನ ಮುಳ್ಳು; ವೈವಾ ಎಂದರೆ ಬಾಯಿಮಾತಿನ ಪರೀಕ್ಷೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಬರೆದಿದ್ದೇನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಗೆ ವಿಜ್ಞಾನ ತೆಗೆದುಕೊಂಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

1. ಅಂಕ ಎಲ್ಲಿವೆ ಎಂದು ಮೊದಲು ನೋಡಿ

ಫಿಸಿಕ್ಸ್‌ಗೆ ಥಿಯರಿ 70, ಪ್ರಾಕ್ಟಿಕಲ್ 30 ಅಂಕ. ಆ 30ರಲ್ಲಿ ಪ್ರಯೋಗಕ್ಕೆ 20, ವೈವಾಕ್ಕೆ 4, ರೆಕಾರ್ಡ್ ಪುಸ್ತಕಕ್ಕೆ 6. ಪ್ರಯೋಗದ 20 ಹೀಗೆ ಒಡೆಯುತ್ತದೆ: ತತ್ವ 2, ಸೂತ್ರ ಮತ್ತು ಅದರ ಅಕ್ಷರಗಳ ವಿವರಣೆ 2, ಚಿತ್ರ ಅಥವಾ ಸರ್ಕ್ಯೂಟ್ 2, ಉಪಕರಣದ ಜೋಡಣೆ 3, ಕೋಷ್ಟಕ 3, ರೀಡಿಂಗ್ 4, ಲೆಕ್ಕ ಅಥವಾ ಗ್ರಾಫ್ 3, ಕೊನೆಯಲ್ಲಿ ಏಕಮಾನದ ಜೊತೆ ಫಲಿತಾಂಶಕ್ಕೆ 1.

ಆ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ನೀವು ನಿದ್ದೆಗೆಟ್ಟು ಹೆದರುವ ‘ಕರೆಕ್ಟ್ ಉತ್ತರ’ಕ್ಕಿರುವುದು ಒಂದೇ ಅಂಕ. ತತ್ವ, ಸೂತ್ರ, ಚಿತ್ರ, ಕೋಷ್ಟಕ ಸೇರಿದರೆ 9. ಅಷ್ಟನ್ನೂ ಉಪಕರಣ ಮುಟ್ಟುವ ಮುಂಚೆಯೇ ಬರೆದು ಮುಗಿಸಬಹುದು. ಅದರ ಜೊತೆ ರೆಕಾರ್ಡಿನ 6 ಕೂಡಿಸಿ, 15 ಆಯಿತು. ಅರ್ಧದಷ್ಟು ಅಂಕ ಪೆನ್ನು ಪೆನ್ಸಿಲ್‌ನಲ್ಲೇ ಇದೆ. ಆದರೂ ಪ್ರತಿ ವರ್ಷ ಅಂಕ ಹೋಗುವುದು ಇಲ್ಲಿಯೇ.

ರೆಕಾರ್ಡ್ ಬಗ್ಗೆ ಒಂದೇ ಮಾತು: ಸಹಿ ಇಲ್ಲದ ಪುಟಗಳನ್ನು ಪರೀಕ್ಷೆಯ ಹಿಂದಿನ ದಿನ ಲೆಕ್ಚರರ್ ಮುಂದೆ ಹಿಡಿದು ನಿಲ್ಲಬೇಡಿ. ಈ ವಾರವೇ ಮುಗಿಸಿ.

2. ಜೊತೆಗೆ ಏನಿರಬೇಕು

ಪ್ರವೇಶ ಪತ್ರ, ಸಹಿಯಾದ ರೆಕಾರ್ಡ್, ಚೂಪು ಮಾಡಿದ ಎರಡು ಪೆನ್ಸಿಲ್, 30 ಸೆಂಟಿಮೀಟರ್ ಸ್ಕೇಲ್, ಕೋನಮಾಪಕ, ರಬ್ಬರ್, ಲಾಗ್ ಟೇಬಲ್. ಕ್ಯಾಲ್ಕ್ಯುಲೇಟರ್ ಸಿಗುತ್ತದೆ ಎಂದು ನಂಬಿ ಹೋಗಬೇಡಿ, ಲಾಗ್ ಟೇಬಲ್ ನೋಡುವುದನ್ನು ಕಲಿತೇ ಹೋಗಿ. ಒಂದು ಸಣ್ಣ ಚೂರು ಮರಳು ಕಾಗದವೂ ಜೇಬಿನಲ್ಲಿರಲಿ. ನಮ್ಮ ಕಡೆಯ ಧೂಳು ನಿಮಗೆ ಗೊತ್ತೇ ಇದೆ. ರಜೆಯಲ್ಲಿ ಮುಚ್ಚಿಟ್ಟ ಲ್ಯಾಬಿನ ತಾಮ್ರದ ತಂತಿಯ ತುದಿಗಳು ಕಪ್ಪಾಗಿರುತ್ತವೆ, ಉಜ್ಜದಿದ್ದರೆ ಕರೆಂಟ್ ಸರಿಯಾಗಿ ಹರಿಯುವುದಿಲ್ಲ.

ಸಿರುಗುಪ್ಪ, ಮಾನ್ವಿ, ಕುಷ್ಟಗಿ ಕಡೆಯ ಹಳ್ಳಿಗಳಿಂದ ಬಸ್ಸಿಗೆ ಬರುವವರು ನಿಮ್ಮ ಬ್ಯಾಚ್ ಬೆಳಗಿನದೋ ಮಧ್ಯಾಹ್ನದ್ದೋ ಎಂದು ಹಿಂದಿನ ದಿನವೇ ನೋಟಿಸ್ ಬೋರ್ಡ್‌ನಲ್ಲಿ ಖಾತ್ರಿ ಮಾಡಿಕೊಳ್ಳಿ. ಗೆಳೆಯನ ಮಾತು ಖಾತ್ರಿಯಲ್ಲ.

3. ಪ್ರಯೋಗಗಳನ್ನು ಗುಂಪು ಮಾಡಿ ಓದಿ

ಪ್ರಯೋಗದ ಪಟ್ಟಿ ಉದ್ದವಿದ್ದರೂ ಕೈಕೆಲಸ ಮೂರ್ನಾಲ್ಕು ಬಗೆಯದಷ್ಟೇ. ಮೀಟರ್ ಬ್ರಿಡ್ಜ್ ಮತ್ತು ಪೊಟೆನ್ಶಿಯೋಮೀಟರ್‌ನಲ್ಲಿ ಗ್ಯಾಲ್ವನೋಮೀಟರ್ ಮುಳ್ಳನ್ನು ಸೊನ್ನೆಗೆ ತರಬೇಕು. ಲೆನ್ಸ್ ಮತ್ತು ಕನ್ನಡಿಯಲ್ಲಿ ಸೂಜಿಯ ತುದಿಗೆ ಬಿಂಬದ ತುದಿ ಕೂಡಿಸಬೇಕು. ಡಯೋಡ್, ಝೀನರ್, ಗ್ಯಾಲ್ವನೋಮೀಟರ್ ಪರಿವರ್ತನೆಯಲ್ಲಿ ಮೀಟರ್ ಓದಬೇಕು. ಟ್ರಾವೆಲಿಂಗ್ ಮೈಕ್ರೋಸ್ಕೋಪ್, ಸ್ಕ್ರೂ ಗೇಜ್‌ನಲ್ಲಿ ಸಣ್ಣ ಗೆರೆ ಎಣಿಸಬೇಕು. ಗುಂಪಿನಲ್ಲಿ ಒಂದು ಕೈಗೆ ಹತ್ತಿದರೆ ಉಳಿದದ್ದು ಅರ್ಧ ಬಂದಂತೆ. ಮೊದಲ ಎರಡು ಗುಂಪಿಗೆ ಹೆಚ್ಚು ಸಮಯ ಕೊಡಿ, ಗಾಬರಿ ಹುಟ್ಟುವುದು ಅಲ್ಲೇ.

4. ಪ್ರಶ್ನೆ ಕೈಗೆ ಬಂದ ಮೇಲೆ: ಮೊದಲು ಬರೆಯಿರಿ

ಸಮಯ ಎರಡು ಗಂಟೆ. ಮೊದಲ ಇಪ್ಪತ್ತು ನಿಮಿಷ ಉಪಕರಣದ ಕಡೆ ನೋಡಲೂ ಬೇಡಿ. ತತ್ವ, ಸೂತ್ರ, ಚಿತ್ರ, ಖಾಲಿ ಕೋಷ್ಟಕ ಬರೆಯಿರಿ.

ಸೂತ್ರ ಬರೆದು ಸುಮ್ಮನಾದರೆ ಸಾಲದು. ಯಾವ ಅಕ್ಷರ ಏನನ್ನು ಸೂಚಿಸುತ್ತದೆ ಎಂದು ಕೆಳಗೆ ವಿವರಿಸಬೇಕು. ಚಿತ್ರವನ್ನು ಪೆನ್ಸಿಲ್‌ನಲ್ಲಿ ಬರೆದು ಭಾಗಗಳ ಹೆಸರು ಹಾಕಿ. ಸರ್ಕ್ಯೂಟ್ ಆದರೆ ಸೆಲ್‌ನ ಧನ ಋಣ ಗುರುತು ಕಡ್ಡಾಯ. ಕೋಷ್ಟಕದ ಪ್ರತಿ ಕಂಬದ ನೆತ್ತಿಯಲ್ಲಿ ಏಕಮಾನ ಬರೆಯಿರಿ, ಆಮೇಲೆ ಒಳಗೆ ಬರೀ ಸಂಖ್ಯೆ ತುಂಬಿದರೆ ಸಾಕು. ಸ್ಕ್ರೂ ಗೇಜ್, ಮೈಕ್ರೋಸ್ಕೋಪ್ ಇದ್ದರೆ ಕೋಷ್ಟಕದ ಮೇಲೆ ಲೀಸ್ಟ್ ಕೌಂಟ್ ಲೆಕ್ಕ ಹಾಕಿ ತೋರಿಸಿ. ಲೀಸ್ಟ್ ಕೌಂಟ್ ಅಂದರೆ ಆ ಉಪಕರಣ ಅಳೆಯಬಲ್ಲ ಅತಿ ಸಣ್ಣ ಅಳತೆ. ಸಾಮಾನ್ಯವಾಗಿ ಸ್ಕ್ರೂ ಗೇಜ್‌ಗೆ 0.01 ಮಿಲಿಮೀಟರ್, ಟ್ರಾವೆಲಿಂಗ್ ಮೈಕ್ರೋಸ್ಕೋಪ್‌ಗೆ 0.001 ಸೆಂಟಿಮೀಟರ್.

5. ಮುಳ್ಳು ಒಂದೇ ಕಡೆ ಓಡಿದರೆ

ಇದೇ ಎಲ್ಲರ ಪ್ರಶ್ನೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಮೀಟರ್ ಬ್ರಿಡ್ಜ್ ಎಂದರೆ ಹಲಗೆಯ ಮೇಲೆ ಎಳೆದು ಕಟ್ಟಿದ 100 ಸೆಂಟಿಮೀಟರ್ ತಂತಿ, ಮೇಲೆ ತಾಮ್ರದ ಪಟ್ಟಿ, ಪಟ್ಟಿಯ ನಡುವೆ ಎರಡು ಖಾಲಿ ಜಾಗ. ಎಡ ಜಾಗದಲ್ಲಿ ರೆಸಿಸ್ಟೆನ್ಸ್ ಬಾಕ್ಸ್, ಬಲ ಜಾಗದಲ್ಲಿ ಗೊತ್ತಿಲ್ಲದ ರೋಧ. ಬಾಕ್ಸ್‌ನಲ್ಲಿ ಯಾವ ಪ್ಲಗ್ ಕೀಳುತ್ತೀರೋ ಅಷ್ಟು ಓಮ್ ಸೇರುತ್ತದೆ. ಉಳಿದ ಪ್ಲಗ್‌ಗಳನ್ನು ತಿರುಚಿ ಗಟ್ಟಿಯಾಗಿ ಒತ್ತಿರಬೇಕು. ಸಡಿಲ ಪ್ಲಗ್ ತಾನೇ ಒಂದು ರೋಧವಾಗಿ ಕೂರುತ್ತದೆ.

ಜೋಡಣೆ ಸರಿಯಿದೆಯೇ ಎಂದು ತಿಳಿಯಲು ಜಾಕಿಯನ್ನು, ಅಂದರೆ ತಂತಿಯ ಮೇಲೆ ಒತ್ತುವ ಲೋಹದ ಮೊನೆಯನ್ನು, ಮೊದಲು ಎಡ ತುದಿಗೆ, ಆಮೇಲೆ ಬಲ ತುದಿಗೆ ಮುಟ್ಟಿಸಿ. ಮುಳ್ಳು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೋದರೆ ಸರಿ. ಹೋಗದಿದ್ದರೆ ಎಲ್ಲವನ್ನೂ ಕಿತ್ತು ಹೊಸದಾಗಿ ಕಟ್ಟಬೇಡಿ. ತಪ್ಪು ಎಲ್ಲಿದೆ ಎಂದು ಮುಳ್ಳೇ ಹೇಳುತ್ತದೆ.

ಜಾಕಿ ಬಲಕ್ಕೆ ಸರಿದಂತೆ ಮುಳ್ಳಿನ ವಾಲಿಕೆ ಕಡಿಮೆಯಾಗುತ್ತಾ ಬಲ ತುದಿಯಲ್ಲೇ ಸೊನ್ನೆ ಮುಟ್ಟಿದರೆ, ಎಡ ಜಾಗದ ದಾರಿ ಕಡಿದಿದೆ. ಬಾಕ್ಸ್‌ನ ತಂತಿ ಬಿಗಿಯಾಗಿದೆಯೇ, ಬಾಕ್ಸ್‌ನಲ್ಲಿ ‘ಅನಂತ’ ಎಂದು ಗುರುತಿರುವ ಪ್ಲಗ್ ಹೊರಗೆ ಬಂದಿದೆಯೇ ನೋಡಿ.

ಎಡ ತುದಿಯಲ್ಲಿ ಸೊನ್ನೆ ಮುಟ್ಟಿದರೆ ಎರಡು ಕಾರಣ ಇರಬಹುದು. ಒಂದೋ ಬಲ ಜಾಗದ ತಂತಿ ಸಡಿಲ, ಇಲ್ಲವೋ ಬಾಕ್ಸ್‌ನಿಂದ ಒಂದೂ ಪ್ಲಗ್ ಕಿತ್ತಿಲ್ಲ. ಎರಡನೆಯದೇ ಹೆಚ್ಚು.

ಎಲ್ಲಿ ಒತ್ತಿದರೂ ಮುಳ್ಳು ಮಿಸುಕದಿದ್ದರೆ ಸೆಲ್, ಕೀ ಅಥವಾ ಗ್ಯಾಲ್ವನೋಮೀಟರ್ ದಾರಿಯಲ್ಲಿ ಕರೆಂಟೇ ಇಲ್ಲ. ಕೀ ಹಾಕಿದ್ದೀರಾ? ನಗಬೇಡಿ, ಪರೀಕ್ಷೆಯ ದಿನ ಇದನ್ನೇ ಮರೆಯುತ್ತಾರೆ.

ಸಮತೋಲನ ಬಿಂದು, ಅಂದರೆ ಮುಳ್ಳು ಸೊನ್ನೆಯಲ್ಲಿ ನಿಲ್ಲುವ ಜಾಗ, 30ರಿಂದ 70 ಸೆಂಟಿಮೀಟರ್ ನಡುವೆ ಬರುವಂತೆ ಬಾಕ್ಸ್‌ನ ರೋಧ ಆರಿಸಿ. ತುದಿಗೆ ಹತ್ತಿರವಾದಷ್ಟೂ ತಪ್ಪು ದೊಡ್ಡದಾಗುತ್ತದೆ. ಎಡ ತುದಿಯಿಂದ ಆ ಬಿಂದುವಿನವರೆಗಿನ ಅಳತೆಯೇ ಸಮತೋಲನ ಉದ್ದ. ಗೊತ್ತಿಲ್ಲದ ರೋಧ = ಬಾಕ್ಸ್‌ನ ರೋಧ × (100 − ಸಮತೋಲನ ಉದ್ದ) ÷ ಸಮತೋಲನ ಉದ್ದ. ಬಾಕ್ಸ್‌ನಲ್ಲಿ 2 ಓಮ್, ಉದ್ದ 40 ಸೆಂಟಿಮೀಟರ್ ಬಂತು ಎನ್ನಿ, ರೋಧ 3 ಓಮ್. ಈಗ ಬಾಕ್ಸ್‌ನಲ್ಲಿ 3 ಓಮ್ ಇಟ್ಟರೆ 50ರ ಸುತ್ತ, 4 ಓಮ್ ಇಟ್ಟರೆ 57ರ ಸುತ್ತ ಬರಬೇಕು. ಬಾಕ್ಸ್‌ನ ರೋಧ ಹೆಚ್ಚಿದಾಗ ಉದ್ದವೂ ಹೆಚ್ಚಲೇಬೇಕು. ಹೆಚ್ಚದಿದ್ದರೆ ಆ ರೀಡಿಂಗ್ ಬರೆಯುವ ಮುಂಚೆ ಪ್ಲಗ್ ನೋಡಿ.

ಜಾಕಿಯನ್ನು ತಂತಿಯ ಮೇಲೆ ಎಳೆಯಬೇಡಿ. ಎತ್ತಿ, ಸರಿಸಿ, ಮೆಲ್ಲಗೆ ಮುಟ್ಟಿಸಿ. ಎಳೆದರೆ ತಂತಿ ಸವೆದು ಅಲ್ಲಲ್ಲಿ ತೆಳ್ಳಗಾಗುತ್ತದೆ, ಆಮೇಲೆ ಉದ್ದದಿಂದ ಮಾಡಿದ ಲೆಕ್ಕಕ್ಕೆ ಬೆಲೆ ಇರುವುದಿಲ್ಲ. ರೀಡಿಂಗ್ ತೆಗೆಯುವಾಗಷ್ಟೇ ಕೀ ಹಾಕಿ. ಹಾಕಿದ ಕೀ ತೆಗೆಯದೆ ಹಾಗೇ ಬಿಟ್ಟರೆ ತಂತಿ ಬಿಸಿಯಾಗಿ ರೋಧ ಬದಲಾಗುತ್ತದೆ.

ಉದ್ದನೆಯ ತಂತಿಯ ಮೇಲೆ ಸೆಲ್‌ಗಳ ವೋಲ್ಟೇಜ್ ಹೋಲಿಸುವ ಪೊಟೆನ್ಶಿಯೋಮೀಟರ್‌ಗೂ ಇದೇ ತರದ ಪತ್ತೆದಾರಿ ಉಂಟು. ಮುಖ್ಯ ಬ್ಯಾಟರಿಯ ಧನ ತುದಿ ಮತ್ತು ಪರೀಕ್ಷೆಯ ಸೆಲ್‌ಗಳ ಧನ ತುದಿ ಎಲ್ಲವೂ ತಂತಿಯ ಒಂದೇ ಬಿಂದುವಿಗೆ ಬರಬೇಕು. ಜಾಕಿಯನ್ನು ಆ ತುದಿಯಿಂದ ದೂರ ಒಯ್ಯುತ್ತಾ ನೋಡಿ. ವಾಲಿಕೆ ಅದೇ ದಿಕ್ಕಿನಲ್ಲಿ ಹೆಚ್ಚುತ್ತಾ ಹೋದರೆ ಧನ ಋಣ ಅದಲು ಬದಲಾಗಿದೆ. ಕಡಿಮೆಯಾಗುತ್ತದೆ ಆದರೆ ಕೊನೆ ತನಕ ಸೊನ್ನೆ ದಾಟುವುದಿಲ್ಲ ಎಂದರೆ ಮುಖ್ಯ ಬ್ಯಾಟರಿಯ ಬಲ ಸಾಲದು, ಅಥವಾ ರೋಧವನ್ನು ಹೆಚ್ಚು ಕಡಿಮೆ ಮಾಡುವ ರಿಯೋಸ್ಟಾಟ್‌ನಲ್ಲಿ ರೋಧ ಜಾಸ್ತಿಯಾಗಿದೆ. ಎಲ್ಲಿ ಮುಟ್ಟಿಸಿದರೂ ಹೆಚ್ಚೂಕಮ್ಮಿ ಅಷ್ಟೇ ವಾಲಿದರೆ ಮುಖ್ಯ ಸರ್ಕ್ಯೂಟ್ ಎಲ್ಲೋ ಬಿಟ್ಟುಹೋಗಿದೆ, ತಂತಿಯಲ್ಲಿ ಕರೆಂಟ್ ಇಲ್ಲ. ಲೆಕ್ಲಾಂಶೆ ಸೆಲ್ ಸುಮಾರು 1.45 ವೋಲ್ಟ್, ಡೇನಿಯಲ್ ಸೆಲ್ ಸುಮಾರು 1.08. ಹಾಗಾಗಿ ಅವುಗಳ ಅನುಪಾತ 1.3ರ ಆಚೀಚೆ ಬರಬೇಕು. 0.7 ಬಂದರೆ ಸೆಲ್‌ಗಳ ಹೆಸರು ತಿರುಗಾಮುರುಗಾ ಆಗಿದೆ ಅಷ್ಟೇ.

6. ಲೆನ್ಸ್, ಕನ್ನಡಿ, ಪ್ರಿಸಂ

ಮೊದಲು ಅಂದಾಜು ಸಂಗಮ ದೂರ ಕಂಡುಕೊಳ್ಳಿ. ದೂರದ ವಸ್ತುವಿನ ಬಿಂಬ ಗೋಡೆಯ ಮೇಲೆ ಸ್ಪಷ್ಟವಾಗಿ ಬೀಳುವಷ್ಟು ದೂರದಲ್ಲಿ ಲೆನ್ಸ್ ಹಿಡಿದು, ನಡುವಿನ ಅಂತರ ಸ್ಕೇಲ್‌ನಿಂದ ಅಳೆಯಿರಿ. ದೂರದ ವಸ್ತುವಿಗೆ ನಮ್ಮ ಮೂರೂ ಊರಿನಲ್ಲಿ ಬರವಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ ಗುಡ್ಡದ ಮೇಲೊಂದು ಕೋಟೆ ಇದೆ. ಕಿಟಕಿಯಿಂದ ಅದು ಕಾಣದಿದ್ದರೆ ಅಂಗಳದಾಚೆಯ ಬೇವಿನ ಮರವೂ ಆದೀತು. ಸೂರ್ಯನ ಕಡೆ ಮಾತ್ರ ಲೆನ್ಸ್ ತಿರುಗಿಸಬೇಡಿ.

ಅಂದಾಜು 15 ಸೆಂಟಿಮೀಟರ್ ಬಂತು ಎಂದುಕೊಳ್ಳಿ. ವಸ್ತು ಸೂಜಿಯನ್ನು 15ಕ್ಕಿಂತ ಹತ್ತಿರ ಇಟ್ಟರೆ ಆಚೆ ಬದಿಯಲ್ಲಿ ಬಿಂಬ ಮೂಡುವುದೇ ಇಲ್ಲ, ಎಷ್ಟು ಹುಡುಕಿದರೂ ವ್ಯರ್ಥ. ಎರಡು ಸೂಜಿಗಳ ನಡುವೆ ಸಂಗಮ ದೂರದ ನಾಲ್ಕು ಪಟ್ಟಾದರೂ, ಇಲ್ಲಿ 60 ಸೆಂಟಿಮೀಟರ್, ಜಾಗ ಬೇಕು. ವಸ್ತು 20ರಲ್ಲಿದ್ದರೆ ಬಿಂಬ 60ರಲ್ಲಿ, 25ರಲ್ಲಿದ್ದರೆ 37.5ರಲ್ಲಿ, 30ರಲ್ಲಿದ್ದರೆ 30ರಲ್ಲೇ, 40ರಲ್ಲಿದ್ದರೆ 24ರಲ್ಲಿ. ಹೀಗೆ ಬಿಂಬ ಎಲ್ಲಿರಬಹುದೆಂದು ಮೊದಲೇ ಗೊತ್ತಿದ್ದರೆ ಹುಡುಕುವ ಕೆಲಸ ಹಗುರ.

ಈಗ ಪ್ಯಾರಲಾಕ್ಸ್. ಕಣ್ಣು ಆಚೀಚೆ ಸರಿಸಿದಾಗ ಎರಡು ವಸ್ತುಗಳು ಒಂದನ್ನೊಂದು ಬಿಟ್ಟು ಸರಿದಂತೆ ಕಾಣುವುದಕ್ಕೆ ಈ ಹೆಸರು. ಗಂಗಾವತಿ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದ್ದೀರಲ್ಲ, ಹತ್ತಿರದ ಗದ್ದೆಯ ಬದು ಹಿಂದಕ್ಕೆ ಓಡುತ್ತದೆ, ದೂರದ ಕಲ್ಲುಗುಡ್ಡ ನಮ್ಮ ಜೊತೆಗೇ ಬರುತ್ತದೆ. ಇಲ್ಲಿಯೂ ಅದೇ. ಬಿಂಬದ ಸೂಜಿಯಿಂದ ಸುಮಾರು 30 ಸೆಂಟಿಮೀಟರ್ ಹಿಂದೆ ಒಂದೇ ಕಣ್ಣಿಟ್ಟು ತಲೆಯನ್ನು ಎಡಕ್ಕೆ ಬಲಕ್ಕೆ ಸರಿಸಿ. ಬಿಂಬ ಕಣ್ಣಿನ ಜೊತೆಗೇ ಸರಿದರೆ ಅದು ಸೂಜಿಗಿಂತ ನಿಮ್ಮಿಂದ ದೂರದಲ್ಲಿದೆ, ಸೂಜಿಯನ್ನು ಲೆನ್ಸ್ ಕಡೆ ತಳ್ಳಿ. ಬಿಂಬ ಎದುರು ದಿಕ್ಕಿಗೆ ಸರಿದರೆ ಸೂಜಿಯನ್ನು ನಿಮ್ಮ ಕಡೆ ಎಳೆದುಕೊಳ್ಳಿ. ತಲೆಕೆಳಗಾದ ಬಿಂಬದ ತುದಿಯೂ ಸೂಜಿಯ ತುದಿಯೂ ಅಂಟಿಕೊಂಡಂತೆ ಒಟ್ಟಿಗೇ ಸರಿಯತೊಡಗಿದಾಗ ಅಳತೆ ಬರೆಯಿರಿ. ಇದನ್ನು ಒಂದು ಮಧ್ಯಾಹ್ನ ಕೂತು ಅಭ್ಯಾಸ ಮಾಡದೆ ಪರೀಕ್ಷೆಗೆ ಹೋಗುವುದು ಹುಚ್ಚು ಧೈರ್ಯ.

ಪ್ರಿಸಂಗೆ ಪತನ ಕೋನ 35ರಿಂದ 60 ಡಿಗ್ರಿವರೆಗೆ ಐದೈದರಂತೆ ಏರಿಸಿ. 60 ಡಿಗ್ರಿಯ ಗಾಜಿನ ಪ್ರಿಸಂನಲ್ಲಿ 30ಕ್ಕಿಂತ ಕೆಳಗೆ ಹೋದರೆ ಕಿರಣ ಆಚೆ ಮುಖದಿಂದ ಹೊರಗೇ ಬರದಿರಬಹುದು. ಗುಂಡುಸೂಜಿಗಳ ತಲೆ ನೋಡಬೇಡಿ, ಬುಡ ನೋಡಿ ಸಾಲುಗೂಡಿಸಿ. ಎರಡು ಸೂಜಿಗಳ ನಡುವೆ ಕನಿಷ್ಠ 5 ಸೆಂಟಿಮೀಟರ್ ಬಿಡಿ. ವಕ್ರೀಭವನ ಸೂಚ್ಯಂಕ 1.5 ಇರುವ ಗಾಜಿಗೆ ಕನಿಷ್ಠ ವಿಚಲನ ಕೋನ ಸುಮಾರು 37 ಡಿಗ್ರಿ. ಗ್ರಾಫ್‌ನ ಚುಕ್ಕೆಗಳನ್ನು ಸ್ಕೇಲ್ ಇಟ್ಟು ಒಂದರಿಂದ ಒಂದಕ್ಕೆ ಜೋಡಿಸಬೇಡಿ, ಕೈಯಿಂದ ನಯವಾದ ಒಂದೇ ಬಾಗು ಎಳೆಯಿರಿ.

7. ಉಳಿದವುಗಳ ಬಗ್ಗೆ ಚುಟುಕಾಗಿ

ಸ್ಕ್ರೂ ಗೇಜ್‌ನ ಸೊನ್ನೆ ದೋಷ, ಅಂದರೆ ಏನನ್ನೂ ಹಿಡಿಯದೆ ಮುಚ್ಚಿದಾಗಲೂ ಅದು ಸೊನ್ನೆ ತೋರಿಸದಿರುವುದು, ಮರೆತರೆ ದುಬಾರಿಯಾಗುತ್ತದೆ. ತಂತಿಯ ವ್ಯಾಸ 0.40 ಮಿಲಿಮೀಟರ್, ಮರೆತ ದೋಷ 0.03 ಎನ್ನಿ. ವ್ಯಾಸದಲ್ಲಿ ನೂರಕ್ಕೆ ಏಳೂವರೆ ತಪ್ಪು. ರೋಧಶೀಲತೆಯ ಸೂತ್ರದಲ್ಲಿ ತ್ರಿಜ್ಯದ ವರ್ಗ ಬರುವುದರಿಂದ ಅಲ್ಲಿ ಅದು ಹದಿನೈದರ ಹತ್ತಿರ ಹೋಗುತ್ತದೆ. ವ್ಯಾಸವನ್ನು ಅರ್ಧ ಮಾಡಿ ತ್ರಿಜ್ಯ ತೆಗೆಯುವುದನ್ನೂ ಮರೆಯಬೇಡಿ.

ಡಯೋಡ್‌ನಲ್ಲಿ ಸಿಲಿಕಾನ್ ಆದರೆ 0.7 ವೋಲ್ಟ್ ಸುತ್ತ ಕರೆಂಟ್ ಥಟ್ಟನೆ ಏರುತ್ತದೆ. ಅಲ್ಲಿ ಸಣ್ಣ ಸಣ್ಣ ಹೆಜ್ಜೆಯಲ್ಲಿ ರೀಡಿಂಗ್ ತೆಗೆಯಿರಿ. ಮುಮ್ಮುಖ ಜೋಡಣೆಯಲ್ಲಿ ಮಿಲಿಆಂಪಿಯರ್ ಮೀಟರ್, ಹಿಮ್ಮುಖದಲ್ಲಿ ಮೈಕ್ರೋಆಂಪಿಯರ್ ಮೀಟರ್. ಗ್ಯಾಲ್ವನೋಮೀಟರನ್ನು ಸೆಲ್‌ಗೆ ನೇರವಾಗಿ ಎಂದೂ ಕಟ್ಟಬೇಡಿ, ನಡುವೆ ದೊಡ್ಡ ರೋಧ ಇರಲೇಬೇಕು. ಗ್ಯಾಲ್ವನೋಮೀಟರ್‌ನದೇ ರೋಧ ಕಂಡುಹಿಡಿಯುವ ಅರ್ಧ ವಾಲಿಕೆಯ ಪ್ರಯೋಗದಲ್ಲಿ ಮೊದಲ ವಾಲಿಕೆಯನ್ನು 30ರಂಥ ಸಮಸಂಖ್ಯೆಗೆ ನಿಲ್ಲಿಸಿದರೆ ಅರ್ಧ ಓದುವುದು ಸುಲಭ.

ಮೈಕ್ರೋಸ್ಕೋಪ್‌ನ ತಿರುಪನ್ನು ಒಂದೇ ದಿಕ್ಕಿಗೆ ತಿರುಗಿಸುತ್ತಾ ಹೋಗಿ. ಹಿಂದೆ ಮುಂದೆ ಮಾಡಿದರೆ ತಿರುಪಿನ ಸಡಿಲ ಅಳತೆಯೊಳಗೆ ನುಸುಳುತ್ತದೆ.

ಸೋನೋಮೀಟರ್, ಅಂದರೆ ಬಿಗಿದ ತಂತಿಯ ಕಂಪನದಿಂದ ಆವೃತ್ತಿ ಅಳೆಯುವ ಪೆಟ್ಟಿಗೆ, ಬಂದರೆ ಮೊದಲು ಮೇಲಿನ ಫ್ಯಾನ್ ನಿಲ್ಲಿಸಲು ಕೇಳಿಕೊಳ್ಳಿ. ನಮ್ಮ ಫೆಬ್ರವರಿಗೆ ಕಷ್ಟವೇ, ಆದರೆ ತಂತಿಯ ಮೇಲಿನ ಕಾಗದದ ಚೂರು ಕಂಪನದಿಂದ ಬಿತ್ತೋ ಗಾಳಿಗೆ ಬಿತ್ತೋ ಗೊತ್ತಾಗಬೇಕಲ್ಲ. ತೂಕ ಬರೆಯುವಾಗ ಕೊಕ್ಕೆಯ ತೂಕವನ್ನೂ ಸೇರಿಸಿ. ಉಕ್ಕಿನ ತಂತಿಗೆ ವಿದ್ಯುತ್ಕಾಂತ ಬಳಸಿದರೆ ತಂತಿ ಮೇನ್ಸ್‌ನ, ಅಂದರೆ ಸಾಕೆಟ್‌ಗೆ ಬರುವ ಕರೆಂಟಿನ, ಎರಡು ಪಟ್ಟು ಆವೃತ್ತಿಯಲ್ಲಿ ಕಂಪಿಸುತ್ತದೆ. ಹಾಗಾಗಿ ಲೆಕ್ಕದಲ್ಲಿ 100 ಬಂದರೆ ಗಾಬರಿ ಬೇಡ, ಅರ್ಧ ಮಾಡಿ.

8. ರೀಡಿಂಗ್ ಕಟ್ಟಬೇಡಿ

ಉತ್ತರ ಮೊದಲು ಇಟ್ಟುಕೊಂಡು ಹಿಂದಿನಿಂದ ರೀಡಿಂಗ್ ಬರೆಯುವ ವಿದ್ಯೆ ಎಲ್ಲಾ ಲ್ಯಾಬ್‌ಗಳಲ್ಲೂ ಇದೆ. ಪರೀಕ್ಷಕರಿಗೂ ಅದು ಗೊತ್ತು. ಐದು ಸಲವೂ ಚಾಚೂ ತಪ್ಪದೆ 3.00 ಓಮ್ ಬಂದ ಕೋಷ್ಟಕವನ್ನು ಯಾರೂ ನಂಬುವುದಿಲ್ಲ. ‘ಎರಡನೇ ರೀಡಿಂಗ್ ಈಗ ತೋರಿಸು’ ಎಂದರೆ ಏನು ಮಾಡುತ್ತೀರಿ? 2.9, 3.1, 3.0 ಬರುವುದೇ ಸಹಜ. ತಪ್ಪಾದ ಸಂಖ್ಯೆಗೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆಯಿರಿ. ಒಂದು ರೀಡಿಂಗ್ ಉಳಿದವುಗಳಿಂದ ತೀರಾ ದೂರ ಇದ್ದರೆ ಅದನ್ನು ಮತ್ತೊಮ್ಮೆ ತೆಗೆಯಿರಿ, ಸಮಯ ಇರುತ್ತದೆ.

ಗ್ರಾಫ್‌ನಲ್ಲಿ ಅಕ್ಷಗಳ ಹೆಸರು, ಏಕಮಾನ, ಮೂಲೆಯಲ್ಲಿ ಸ್ಕೇಲ್ ಬರೆಯಿರಿ. ಇಳಿಜಾರು ತೆಗೆಯಲು ದೊಡ್ಡ ತ್ರಿಕೋನ ಹಾಕಿ.

9. ವೈವಾ

ನಾಲ್ಕು ಅಂಕ. ಪ್ರಶ್ನೆಗಳು ಹೆಚ್ಚಾಗಿ ನಿಮ್ಮ ಮೇಜಿನ ಮೇಲಿರುವ ಉಪಕರಣದ ಸುತ್ತಲೇ ತಿರುಗುತ್ತವೆ. ಇಂಗ್ಲಿಷ್ ನಾಲಿಗೆಗೆ ಬರದಿದ್ದರೆ ‘ಕನ್ನಡದಲ್ಲಿ ಹೇಳಬಹುದಾ ಸರ್?’ ಎಂದು ಕೇಳಿ. ಬಾಯಿಮುಚ್ಚಿ ನಿಂತರೆ ಗೊತ್ತಿರುವುದೂ ಗೊತ್ತಿಲ್ಲದಂತಾಗುತ್ತದೆ.

ಮೀಟರ್ ಬ್ರಿಡ್ಜ್‌ನಲ್ಲಿ ಸೆಲ್ ಬದಲಿಸಿದರೆ ಸಮತೋಲನ ಬಿಂದು ಸರಿಯುತ್ತದೆಯೇ? ಇಲ್ಲ. ಸೆಲ್ ಮತ್ತು ಗ್ಯಾಲ್ವನೋಮೀಟರ್ ಜಾಗ ಅದಲು ಬದಲು ಮಾಡಿದರೆ? ಆಗಲೂ ಇಲ್ಲ. ತಂತಿ ತಾಮ್ರದ್ದು ಏಕಲ್ಲ, ಕಾನ್‌ಸ್ಟಂಟನ್ ಅಥವಾ ಮ್ಯಾಂಗನಿನ್ ಏಕೆ? ಇದಕ್ಕೆ ನಮ್ಮೂರಿನ ಬಿಸಿಲೇ ಉತ್ತರ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು 0.39 ಶೇಕಡ ಏರುತ್ತದೆ. 20 ಡಿಗ್ರಿಯಿಂದ 40ಕ್ಕೆ ಹೋದರೆ ಸುಮಾರು 8 ಶೇಕಡ. ಆ ಮಿಶ್ರಲೋಹಗಳಲ್ಲಿ ಬದಲಾವಣೆ ಬಹಳ ಕಡಿಮೆ.

ಸೋನೋಮೀಟರ್‌ಗೆ ನನ್ನ ಮೆಚ್ಚಿನ ಪ್ರಶ್ನೆ: ಹಳ್ಳಿಯಲ್ಲಿ ವೋಲ್ಟೇಜ್ ಇಳಿದು ಬಲ್ಬ್ ಮಂಕಾದಾಗ ಆವೃತ್ತಿಯೂ ಇಳಿಯುತ್ತದೆಯೇ? ಇಲ್ಲ. ವೋಲ್ಟೇಜ್ ನಿಮ್ಮ ಲೈನಿನ ಉದ್ದ, ಪಂಪ್‌ಸೆಟ್‌ಗಳ ಹೊರೆಯ ಮೇಲೆ ಇಳಿಯುತ್ತದೆ. ಆವೃತ್ತಿ ಇಡೀ ಗ್ರಿಡ್‌ಗೆ ಒಂದೇ. ಶಕ್ತಿನಗರದ, ಕುಡತಿನಿಯ ಉಷ್ಣ ಸ್ಥಾವರಗಳ ಟರ್ಬೈನ್‌ಗಳು ನಿಮಿಷಕ್ಕೆ 3000 ಸುತ್ತು ತಿರುಗುತ್ತವೆ, ಅಂದರೆ ಸೆಕೆಂಡಿಗೆ 50. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕಿಲೋವೋಲ್ಟ್ ಲೈನ್ ಮೂಲಕ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್‌ಗೆ ಕೂಡಿಕೊಂಡಿತು. ಅಂದಿನಿಂದ ರಾಯಚೂರಿನ ಸಾಕೆಟ್‌ನಲ್ಲಿ ಇರುವ ಆವೃತ್ತಿಯೇ ದಿಲ್ಲಿಯ ಸಾಕೆಟ್‌ನಲ್ಲೂ. ರಾಯಚೂರಿನ ಹುಡುಗಿಯೊಬ್ಬಳು ಇದನ್ನು ಹೇಳಿದರೆ ಪರೀಕ್ಷಕರು ಮುಂದಿನ ಪ್ರಶ್ನೆ ಕೇಳುವ ಧಾಟಿಯೇ ಬೇರೆಯಾಗುತ್ತದೆ.

ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ ಸರ್’ ಎಂದು ಮುಂದಿನ ಪ್ರಶ್ನೆಗೆ ಹೋಗಿ. ಕಥೆ ಹೇಳಲು ಹೋದರೆ ಅದರೊಳಗಿಂದಲೇ ಇನ್ನೆರಡು ಪ್ರಶ್ನೆ ಹುಟ್ಟುತ್ತವೆ.

10. ಎದ್ದು ಬರುವ ಮುಂಚೆ

ಫಲಿತಾಂಶದ ಸಾಲಿನಲ್ಲಿ ಏಕಮಾನ ಇದೆಯೇ ನೋಡಿ. ವಕ್ರೀಭವನ ಸೂಚ್ಯಂಕಕ್ಕೆ ಮತ್ತು ಸೆಲ್‌ಗಳ ಅನುಪಾತಕ್ಕೆ ಏಕಮಾನ ಇಲ್ಲ, ಅಲ್ಲಿ ಏನೂ ಬರೆಯಬಾರದು. ಉತ್ತರ ಪತ್ರಿಕೆಯ ಮೇಲೂ ಗ್ರಾಫ್ ಹಾಳೆಯ ಮೇಲೂ ರಿಜಿಸ್ಟರ್ ನಂಬರ್ ಬರೆದು ಗ್ರಾಫ್ ಕಟ್ಟಿ. ಕೀ ತೆಗೆದು, ಸೆಲ್‌ನ ತಂತಿ ಮೊದಲು ಬಿಚ್ಚಿ, ಕಿತ್ತ ಪ್ಲಗ್‌ಗಳನ್ನು ಬಾಕ್ಸ್‌ಗೆ ಮರಳಿ ಹಾಕಿ. ರೆಕಾರ್ಡ್ ವಾಪಸ್ ಕೊಡುತ್ತಾರೋ ಅಲ್ಲೇ ಇಟ್ಟುಕೊಳ್ಳುತ್ತಾರೋ ಕೇಳಿಕೊಂಡು ಹೊರಡಿ.